ಇಪ್ಪತ್ತು ಡಿಗ್ರಿ

ಮಂಗಳವಾರ, ಹದಿನಾಲ್ಕು. ರಾತ್ರಿ ಒಂಬತ್ತೂವರೆ. ಬ್ಲೇಡುಗಳನ್ನು ಹದ ಮಾಡುವ ಕುಲುಮೆಯ ಶಾಖವನ್ನು ಅಣ್ಣ ಬರೆದಿಡುತ್ತಿದ್ದ ಪುಸ್ತಕವನ್ನು ಇವತ್ತು ಕಂಪ್ಯೂಟರಿಗೆ ಏರಿಸಿದರು. ಅವನು ತೀರಿಹೋಗಿ ಏಳು ತಿಂಗಳಾಯಿತು. ಆ ಕೈಬರಹ ಓದಬಲ್ಲವಳು ಕಾರ್ಖಾನೆಯಲ್ಲಿ ಈಗ ನಾನೊಬ್ಬಳೇ. ನಾನು ಅಂಕಿಗಳನ್ನು ಓದಿದೆ, ಹೊಸ ಎಂಜಿನಿಯರಮ್ಮ ಟೈಪ್ ಮಾಡಿಕೊಂಡಳು.

"ಅಕ್ಕಾ, ನಿಮ್ಮಣ್ಣ ಇನ್ಮೇಲೆ ಈ ಯಂತ್ರದೊಳಗೇ ಇರ್ತಾರೆ ಬಿಡಿ," ಅಂದಳು. ಅದೇ ಗುಂಗಿನಲ್ಲಿ ಮನೆಗೆ ಬಂದೆ.

ಪಾತ್ರೆ ತೊಳೆಯುವಾಗ ನೆನಪಾಯಿತು. ಕುಲುಮೆಯ ಹಳೆಯ ಶಾಖಮಾಪಕ ಯಾವಾಗಲೂ ಇಪ್ಪತ್ತು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. "ಅದು ಬಡಾಯಿ ಕೊಚ್ಕೊಳ್ಳತ್ತೆ ಕಣೆ, ನಾವೇ ಇಪ್ಪತ್ತು ಕಳೆದು ಓದ್ಬೇಕು," ಎಂದು ಅಣ್ಣ ನಗುತ್ತಿದ್ದ. ಪುಸ್ತಕದಲ್ಲಿ ಮಾತ್ರ ಅದು ತೋರಿಸಿದ್ದನ್ನೇ ಬರೆಯುತ್ತಿದ್ದ. ನಮಗೆಲ್ಲ ಗೊತ್ತಿದ್ದ ಮಾತು, ಆದ್ದರಿಂದ ಯಾರೂ ಬರೆದಿಡಲಿಲ್ಲ. ಈಗ ಅದರ ಜಾಗದಲ್ಲಿ ಹಾಕಿರುವ ಹೊಸ ಸೆನ್ಸರ್ ಸರಿಯಾಗಿಯೇ ತೋರಿಸುತ್ತದೆ. ಪುಸ್ತಕದ ಅಂಕಿಯವರೆಗೆ ಕಾಯಿಸಿದರೆ ಇಪ್ಪತ್ತು ಡಿಗ್ರಿ ಹೆಚ್ಚು ಕಾದು ನಾಳೆಯ ಮೂರು ಸಾವಿರ ಬ್ಲೇಡು ಬಿರುಕು ಬಿಡುತ್ತವೆ.

ಮೇಸ್ತ್ರಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತದಿದ್ದಾಗ ಒಳಗೊಳಗೇ ಹಾಯೆನಿಸಿತು. ಹಾಗೆನಿಸಿದ್ದಕ್ಕೇ ನನಗೆ ಹೆಚ್ಚು ಹೆದರಿಕೆ. ಹೇಳಿದರೆ "ಸತ್ತವನ ಪುಸ್ತಕ ನಂಬಿ ಕೆಟ್ವಿ" ಅಂತಾರೆ. ಹೇಳದೆ ಬ್ಲೇಡು ಬಿರಿದರೂ ಅದನ್ನೇ ಅಂತಾರೆ. ತಪ್ಪು ಅವನದಲ್ಲ, ಓದಿದ ನನ್ನದು. ಎಲ್ಲರೆದುರು ಹಾಗೆನ್ನುವ ಗಟ್ಟಿ ದನಿ ನನಗೆಲ್ಲಿದೆ? ಮನೆಯಲ್ಲಿ ಮಾತಾಡುತ್ತಿದ್ದವನೂ ಅವನೇ.

ನಾಳೆ ಆರಕ್ಕೆ ಕುಲುಮೆ ಹೊತ್ತಿಸುತ್ತಾರೆ. ಐದೂವರೆಗೆ ನಾನು ಗೇಟಿನ ಹತ್ತಿರ ಇರಬೇಕು.