ಜಗಲಿಯ ಬಲ್ಬು

ಅಣ್ಣಾ,

ಕರೆಂಟು ಬಿಲ್ಲು ಕಡಿಮೆಯಾಗಲೆಂದು ನೀನು ಮೊನ್ನೆ ಬಿಚ್ಚಿಟ್ಟ ಜಗಲಿಯ ಬಲ್ಬು ಅಕ್ಕಿ ಡಬ್ಬಿಯ ಹಿಂದಿದೆ. ಇವತ್ತು ಕತ್ತಲಾಗುವ ಮೊದಲು ಹಾಕಿಬಿಡು.

ಡ್ಯಾಮಿನ ನೀರಲ್ಲಿ ಊರು ಮುಳುಗಿ ನಮ್ಮವರೆಲ್ಲ ದಿಕ್ಕಿಗೊಬ್ಬರಾದಾಗ ಅವ್ವ ಎಲ್ಲರಿಗೂ ಹೇಳಿದ್ದು ಒಂದೇ ಗುರುತು: "ಸಾಗರಕ್ಕೆ ಬಂದ್ರೆ ಈ ಕೇರೀಲಿ ಜಗಲಿ ದೀಪ ಉರೀತಿರೋ ಮನೆಗೆ ಬನ್ನಿ." ನಮ್ಮಿಬ್ಬರಿಗೂ ಅದು ಮರೆತೇಹೋಗಿತ್ತು.

ನಿನ್ನೆ ರಾತ್ರಿ ಅವ್ವನ ತಮ್ಮ ಕೆರಿಯಪ್ಪ ಮಾವ ಬಂದಿದ್ದರಂತೆ. ಎಲ್ಲೂ ದೀಪ ಕಾಣದೆ ಕೇರಿಯಲ್ಲಿ ಓಡಾಡಿ, ಬಸ್‌ಸ್ಟ್ಯಾಂಡಿನಲ್ಲಿ ಮಲಗಿ, ಬೆಳಗ್ಗೆ ಹೊಸನಗರದ ಬಸ್ಸು ಹತ್ತಿದರಂತೆ. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಅವರನ್ನು ಮಾತಾಡಿಸಿದ ಹಾಲಿನ ರಂಗಮ್ಮ ಈಗಷ್ಟೇ ಹೇಳಿಹೋದಳು.

ಬಿಲ್ಲಿಗೆ ಬೇರೆ ದಾರಿ ನೋಡೋಣ. ಬೆಳಕಿರುವಾಗಲೇ ಊಟ ಮುಗಿಸೋಣ. ನಿನ್ನ ರೇಡಿಯೋ ಸ್ವಲ್ಪ ದಿನ ಸುಮ್ಮನಿರಲಿ. ನನ್ನ ಸೀರೆಗೆ ಇದ್ದಿಲ ಇಸ್ತ್ರಿಯೇ ಸಾಕು. ನೀನು ಬಲ್ಬು ಬಿಚ್ಚುವಾಗ ಸ್ಟೂಲು ಹಿಡಿದವಳು ನಾನೇ, ನಿನ್ನೊಬ್ಬನನ್ನೇ ಅನ್ನುವಂತಿಲ್ಲ.

ರೊಟ್ಟಿ ಮುಚ್ಚಿಟ್ಟಿದ್ದೇನೆ. ನಾನು ಶಾಲೆಗೆ ಹೊರಟೆ. ಮಾವ ಬಂದುಹೋದದ್ದು ಅವ್ವನಿಗೆ ಇನ್ನೂ ಗೊತ್ತಿಲ್ಲ. ಬೆಳಗ್ಗೆ ಎದ್ದವಳೇ, ಬಿಲ್ಲಿನ ಚಿಂತೆಯಲ್ಲಿದ್ದ ನನಗೆ ಸಮಾಧಾನ ಹೇಳಿದಳು: "ಬಲ್ಬು ತೆಗ್ದಿದ್ದು ಒಳ್ಳೇದೇ ಆತು ಬಿಡೆ. ನಮ್ಮನ್ನ ಹುಡುಕ್ಕೊಂಡು ಬರೋರು ಈಗ ಯಾರಿದಾರೆ."

ಗಿರಿಜ