ಪಕ್ಕದ ಸೀಟಿನ ಇನ್ನೂರು ಪೌಂಡ್

ಗ್ಲೆಂಡೈವ್, ಮೊಂಟಾನಾ
ಮೇ 6

ನನ್ನ ವೆಂಡೆಲ್‌ಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಪ್ರಶ್ನೆ, ನಿಜ ಹೇಳಬೇಕು. ಈಗ ನಿನ್ನ ತೂಕ ಎಷ್ಟು?

ಮೂರು ವರ್ಷದ ಮೇಲೆ ಹೆಂಡತಿ ಬರೆದ ಮೊದಲ ಕಾಗದದಲ್ಲಿ ಕೇಳುವ ಮಾತೇ ಇದು ಅಂತ ನಿನ್ನ ತಮ್ಮ ಓರಿನ್ ಬೇಕಾದರೆ ನಗಲಿ, ನೀನು ನಗಬೇಡ. ನಾನು ಟ್ರೇಲರ್ ಕೊಂಡುಕೊಂಡೆ. ಹೌದು, ಮತ್ತೊಂದು. ಕೀಲಿಯನ್ನು ಮೊಳೆಗೆ ನೇತುಹಾಕಿ, ಬಸ್ಸು ಹತ್ತಿ ತಮ್ಮನ ಮನೆಗೆ ಹೊರಟುಹೋದೆಯಲ್ಲ, ಆ ಬೂದು ಪಿಕಪ್‌ಗೇ ಕಟ್ಟಿ ಎಳೆಯುವಂಥ ಗಾಲಿ ಮನೆ. ಸೆಪ್ಟೆಂಬರಿನಲ್ಲಿ ಆಸ್ಟೋರಿಯಾದ ಲವೋನ್ ಅಕ್ಕನ ಮನೆಗೆ ಹೋಗಬೇಕು, ಸಮುದ್ರ ನೋಡಬೇಕು. ಅರವತ್ತನಾಲ್ಕು ತುಂಬಿತು, ಇನ್ನೂ ಸಮುದ್ರ ನೋಡದವಳು ನಾನು. ನೀನೂ ಬರಬೇಕು. ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲ ಹೇಗಿರಬೇಕೋ ಹಾಗೇ ಇದೆ. ಟಿಲ್ಲಿ ಬಸ್ಸಿನ ಸದ್ದು ಕೇಳಿದರೆ ಈಗಲೂ ಬಾಗಿಲಿಗೆ ಓಡುತ್ತಾಳೆ, ಪೆದ್ದು ನಾಯಿ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದ ನನಗೆ ಒಬ್ಬಳಿಗೆ ಅಂತ ಅಡುಗೆ ಮಾಡುವುದು ಮಾತ್ರ ಬರಲೇ ಇಲ್ಲ. ಬುಧವಾರ ಕಸದ ಡಬ್ಬ ರಸ್ತೆಗೆ ತಳ್ಳುವಾಗ ನಿನ್ನನ್ನು ಜೋರಾಗಿ ಬೈಯುತ್ತೇನೆ. ತಿರುಗಿ ಗೊಣಗುವವರಿಲ್ಲದೆ ಬೈಗುಳವೂ ಸಪ್ಪೆ. ನೀನಿಲ್ಲದೆ ಬಹಳ ಬೇಜಾರು, ವೆಂಡೆಲ್. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಟ್ರೇಲರಿನ ವಿಷಯ ಹೇಳುತ್ತೇನೆ. ಮಾರುವವನ ಹೆಸರು ಗಾರ್ತ್, ನಮಗಿಂತ ಹಿರಿಯ, ಹೊಟ್ಟೆಗೆ ಬೆಲ್ಟು ನಿಲ್ಲುವುದಿಲ್ಲ. ನಾನು ಹೋಗಿ ನೇರವಾಗಿ ಇಪ್ಪತ್ನಾಲ್ಕು ಅಡಿಯದರ ಒಳಗೆ ನುಗ್ಗಿದೆ. ಒಲೆ, ಓವನ್, ಎರಡೂ ಕಡೆಯಿಂದ ಇಳಿಯಬಹುದಾದ ಮಂಚ, ಅಗಲ ಕಿಟಕಿ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ನಮ್ಮ ಗಾಡಿ ಆರೂವರೆ ಸಾವಿರ ಪೌಂಡ್ ಎಳೆಯುತ್ತದಂತೆ, ಇದು ತುಂಬಿದರೂ ಐದು ಸಾವಿರದ ನಾನೂರು, ಸುತ್ತಿಕೊಡಿ ಅಂದೆ. ಗಾರ್ತ್ ಹಲ್ಲುಕಡ್ಡಿ ತೆಗೆದು, "ಎಳೆಯೋದು ಬಿಡಮ್ಮಾ, ಹೊರೋದು ಯಾರು? ಗಾಡಿ ಬಾಗಿಲು ತೆಗಿ, ಆ ಚೀಟಿ ಓದು," ಅಂದ.

ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಆ ಚೀಟಿಯನ್ನು ನಾನು ಇಷ್ಟು ವರ್ಷ ನೋಡಿಯೂ ಓದಿರಲಿಲ್ಲ. ಜನ, ಸಾಮಾನು ಎಲ್ಲ ಸೇರಿ ಸಾವಿರದ ನೂರ ಎಂಬತ್ತು ಪೌಂಡ್, ಅದಕ್ಕಿಂತ ಹೆಚ್ಚು ಹೇರಬಾರದು ಅಂತ ಬರೆದಿದೆ. ಆ ದೊಡ್ಡ ಟ್ರೇಲರ್ ನಮ್ಮ ಗಾಡಿಯ ಕೊಂಡಿಯ ಮೇಲೆ ಊರುವ ಭಾರವೇ ಏಳುನೂರು. ಕೊಂಡಿಯ ಕಬ್ಬಿಣ ಎಂಬತ್ತು, ಪಿಕಪ್ ಹಿಂದಿನ ಮುಚ್ಚಿಗೆ ನೂರೈವತ್ತು, ಟಿಲ್ಲಿ ಅರವತ್ತು. ಆಮೇಲೆ ನಾನು. ನೂರೈವತ್ತು ಅಂತ ಬರೆಸಿದೆ, ಅವನು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಬರೆದುಕೊಂಡ. ಉಳಿದದ್ದು ನಲವತ್ತು ಪೌಂಡ್. ನಿನ್ನ ಎರಡು ಕಾಲಿಗೂ ಸಾಲದು. ಇಬ್ಬರು ಆರಾಮಾಗಿ ಮಲಗುವ ಮನೆ ಬೇಕೆಂದರೆ ಒಬ್ಬಳೇ ಹೋಗಬೇಕು. ಇದೆಂಥ ನ್ಯಾಯ ಅಂತ ನನಗೆ ಸಿಟ್ಟೇ ಬಂತು.

"ಹಾಗಾದ್ರೆ ಸಾಮಾನೆಲ್ಲ ಟ್ರೇಲರ್ ಹಿಂದಕ್ಕೆ ಹಾಕ್ತೀನಿ, ಕೊಂಡಿ ಮೇಲೆ ಭಾರ ಕಡಿಮೆ ಆಗುತ್ತಲ್ಲ," ಅಂದೆ. ಅದೇನೋ ದೊಡ್ಡ ಉಪಾಯ ಎಂಬಂತೆ! ಗಾರ್ತ್ ನನ್ನನ್ನು ಅಂಗಡಿಯೊಳಗೆ ಕರೆದುಕೊಂಡು ಹೋದ. ಮೂಲೆಯಲ್ಲಿದ್ದ ನಡಿಗೆ ಯಂತ್ರ ಚಾಲೂ ಮಾಡಿದ, ಜಿಮ್‌ನಲ್ಲಿ ಇರುತ್ತದಲ್ಲ, ಅಂಥದ್ದು. ಓಡುವ ಪಟ್ಟಿಯ ಮೇಲೆ ಆಟಿಕೆ ಕಾರು, ಅದರ ಬೆನ್ನಿಗೆ ಆಟಿಕೆ ಟ್ರೇಲರ್ ಇಟ್ಟ. ಟ್ರೇಲರಿನ ಮುಂದೆ ಸೀಸದ ಬಿಲ್ಲೆ ಇದ್ದಾಗ ಬೆರಳಿಂದ ತಟ್ಟಿದರೂ ಅದು ನೆಟ್ಟಗೇ ಓಡಿತು. ಬಿಲ್ಲೆಯನ್ನು ಹಿಂದಕ್ಕೆ ಸರಿಸಿ ಒಂದೇ ಒಂದು ಸಲ ತಟ್ಟಿದ. ಬಾಲ ಅತ್ತ ಇತ್ತ ತೂಗಿತು, ಇನ್ನಷ್ಟು ತೂಗಿತು, ಕಾರನ್ನೂ ಎಳೆದುಕೊಂಡು ಮಗುಚಿತು.

ನಾನು ಅಲ್ಲೇ ಅವನ ಕುರ್ಚಿಯಲ್ಲಿ ಕೂತುಬಿಟ್ಟೆ. "ನೀರು ಕೊಡ್ಲಾ ಅಮ್ಮಾ?" ಅಂದ. ಎಷ್ಟು ಭಾರ ಹಿಂದಕ್ಕೆ ಹೋದರೆ ಹೀಗಾಗುತ್ತದೆ ಅಂತ ಕೇಳಿದೆ. "ಗಾಳಿ ಇದ್ರೆ ಇನ್ನೂರು ಪೌಂಡ್ ಸಾಕು," ಅಂದ.

ವೆಂಡೆಲ್, ಆವತ್ತು ಬಿಲ್ಲಿಂಗ್ಸ್‌ನಲ್ಲಿ ಬೆಳಿಗ್ಗೆ ನೀನು ಕಾಫಿ ತರಲು ಹೋದಾಗ ಹಳೇ ಟ್ರೇಲರಿನ ಮಂಚದ ಕೆಳಗಿದ್ದುದನ್ನೆಲ್ಲ ತೆಗೆದು ಹಿಂದಿನ ಕಪಾಟಿಗೆ ಹಾಕಿದವಳು ನಾನು. ಅಕ್ಕನಿಗೆ ಅಂತ ಒಯ್ಯುತ್ತಿದ್ದ ಮೂವತ್ತಾರು ಬಾಟಲಿ ಪೀಚ್ ಹಣ್ಣು, ಕಬ್ಬಿಣದ ಬಾಣಲೆಗಳು, ಹೊಲಿಗೆ ಯಂತ್ರ. ಹಿಂದಿನ ದಿನ ನೀನು ಒಂದೊಂದನ್ನೂ ತೂಗಿ ಮುಂದೆ ಜೋಡಿಸಿದ್ದೆ. ಕಂಬಳಿ ತೆಗೆಯಲು ಪದೇಪದೇ ಬಗ್ಗಿ ಸೊಂಟ ನೋಯುತ್ತದೆ ಅಂತ ನಾನು ಸಾಗಿಸಿದೆ. ನಿನಗೆ ಹೇಳಲಿಲ್ಲ, ಗೊಣಗುತ್ತೀಯ ಅಂತ.

ಲಿವಿಂಗ್‌ಸ್ಟನ್ ಹತ್ತಿರ ಗಾಳಿ ಹೊಡೆದು ಟ್ರೇಲರ್ ಮಗುಚಿದಾಗ ವೇಗದ ಮುಳ್ಳು ಐವತ್ತೈದರಲ್ಲೇ ಇತ್ತು. ನಾನು ನೋಡಿದ್ದೆ. ಪೊಲೀಸಿನವನಿಗೆ ನೀನು, "ಜೋರಾಗಿ ಓಡಿಸ್ತಿದ್ದೆ, ತಪ್ಪು ನಂದೇ," ಅಂದೆ. ಆಸ್ಪತ್ರೆಯಲ್ಲಿ ನನ್ನ ಮುರಿದ ಕೈ ನೋಡಿ ನಮ್ಮ ಮಾರಿತ್, "ಅಪ್ಪಾ, ಅಮ್ಮನ್ನ ಸಾಯಿಸ್ತಿದ್ದೆ ನೀನು. ಇನ್ನು ಸ್ಟೀರಿಂಗ್ ಮುಟ್ಟಬೇಡ," ಅಂದಳು. ಆಗಲೂ ನಾನು ಬಾಯಿ ಹೊಲಿದುಕೊಂಡು ಮಲಗಿದ್ದೆ. ಪೀಚ್ ಬಾಟಲಿಗಳೇ ಕಾರಣ ಅಂತ ಖಚಿತವಾಗಿ ಗೊತ್ತಿರಲಿಲ್ಲ, ನಿಜ. ಆದರೆ ಅನುಮಾನ ಇತ್ತು, ಮೊದಲ ದಿನದಿಂದ ಇತ್ತು. ನೀನು ತಲೆ ತಗ್ಗಿಸಿಕೊಂಡು ಓಡಾಡುವುದನ್ನು ನೋಡುತ್ತಾ ಒಂದು ಚಳಿಗಾಲ ಕಳೆದೆ. ನೀನು ಬಸ್ಸು ಹತ್ತುವಾಗಲೂ ಹೇಳಲಿಲ್ಲ.

ಇನ್ನೊಂದು ಕೇಳಬೇಕು. ಹಳ್ಳದಲ್ಲಿ ಮಗುಚಿದ ಆ ಟ್ರೇಲರಿನಿಂದ ಗಾಜು ಗುಡಿಸಿದವನು ನೀನು. ಒಡೆದ ಬಾಟಲಿಯೆಲ್ಲ ಬಿದ್ದದ್ದು ಹಿಂಬದಿಯಲ್ಲಿ. ನಿನಗೆ ಅಲ್ಲೇ ಗೊತ್ತಾಗಿತ್ತು, ಅಲ್ಲವೆ? ಗೊತ್ತಿದ್ದೂ ಒಂದು ಮಾತು ಆಡದೆ ಹೊರಟುಹೋದೆಯಾ? ನಾನಾಗಿ ಬಾಯಿ ಬಿಡಲಿ ಅಂತ ಕಾದೆಯಾ? ಹಾಗಿದ್ದರೆ ಬಹಳ ಕಾಯಿಸಿದೆ. ಕ್ಷಮಿಸು.

ಕಳೆದ ಭಾನುವಾರ ಮಾರಿತ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಮೂರು ವರ್ಷ, ಅಮ್ಮಾ!" ಅಂದವಳು ಫೋನ್ ಇಟ್ಟಳು. ಇನ್ನೂ ಮಾಡಿಲ್ಲ. ಮಾಡದಿದ್ದರೂ ಅದು ನನಗೆ ಸಲ್ಲಬೇಕಾದದ್ದೇ.

ನಾನು ಕೊಂಡದ್ದು ಹದಿನಾರು ಅಡಿಯದು. ಕೊಂಡಿಯ ಮೇಲೆ ನಾನೂರು ಪೌಂಡ್, ಅಷ್ಟೆ. ನನ್ನನ್ನೂ ಟಿಲ್ಲಿಯನ್ನೂ ಲೆಕ್ಕ ಹಿಡಿದ ಮೇಲೂ ಮುನ್ನೂರ ನಲವತ್ತು ಮಿಕ್ಕುತ್ತದೆ. ಓವನ್ ಇಲ್ಲ. ಗೋಡೆ ಕಡೆ ಮಲಗಿದವರು ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು. ಜಗಳವಾದರೆ ಒಬ್ಬರು ಹೊರಗೆ ಹೋಗಿ ಕೂರಬೇಕು. ಗೋಡೆ ಕಡೆ ನಾನೇ ಮಲಗುತ್ತೇನೆ. ಗಾಡಿಯನ್ನೂ ನಾನೇ ಓಡಿಸುತ್ತೇನೆ. ಜಾತ್ರೆ ಮೈದಾನದಲ್ಲಿ ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವುದು ಕಲಿತೆ. ನಾಲ್ಕು ರಸ್ತೆ ಕೋನ್‌ಗಳು ಸತ್ತವು, ನನಗೇನೂ ಆಗಲಿಲ್ಲ. ನೀನು ಬೇಕಿದ್ದರೆ ಮಾತ್ರ ಸ್ಟೀರಿಂಗ್ ಹಿಡಿ. ಸಾಮಾನು ಮಾತ್ರ ನೀನೇ ಜೋಡಿಸಬೇಕು, ನಾನು ಒಂದು ಚಮಚವನ್ನೂ ಸರಿಸುವುದಿಲ್ಲ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಆರ್ಲಿಸ್

ಮರೆತಿದ್ದೆ: ನಿನ್ನೆ ಎಲ್ಲ ತುಂಬಿಕೊಂಡು ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿದ್ದೆ. ನಿನ್ನ ಬದಲಿಗೆ ಪಕ್ಕದ ಸೀಟಿನಲ್ಲಿ ಐವತ್ತು ಪೌಂಡಿನ ನಾಲ್ಕು ಕೋಳಿ ಕಾಳಿನ ಚೀಲ ಕೂರಿಸಿದೆ. ಬೆಲ್ಟು ಹಾಕುವ ತನಕ ಗಾಡಿ ಕುಂಯ್‌ಗುಟ್ಟುತ್ತಲೇ ಇತ್ತು, ಹಾಕಿದೆ. ತೂಕದ ಚೀಟಿ ಕೊಟ್ಟ ಹೆಂಗಸು ಕಿಟಕಿಯಲ್ಲಿ ಇಣುಕಿ, "ಇವ್ರು ಯಾರು?" ಅಂದಳು. "ನಮ್ಮನೆಯವ್ರು. ಮಾತು ಕಡಿಮೆ," ಅಂದೆ. ತೂಕ ಸರಿಯಾಗಿದೆ, ನಿನಗೆ ಜಾಗ ಇದೆ. ಆದರೆ ಇವತ್ತು ಬೆಳಿಗ್ಗೆ ಹಿತ್ತಲ ಕೋಳಿಗಳಿಗೆ ಕಾಳು ಮುಗಿದು ಒಂದು ಚೀಲ ಬಿಚ್ಚಬೇಕಾಯಿತು. ಉಳಿದ ಮೂರನ್ನು ಸೀಟಿನಿಂದ ಇಳಿಸಲು ಮನಸ್ಸು ಬರುತ್ತಿಲ್ಲ. ಕೋಳಿಗಳು ಕಾಯುವುದಿಲ್ಲ, ಬೇಗ ಬಾ.