ಸಾವಿರದ ನಾನೂರಾ ಹನ್ನೆರಡು ತಾಸು

ಜನವರಿ 6, 2026, ಮಂಗಳವಾರ

ಏಳೂವರೆ ಬಸ್ಸು ಇವತ್ತೂ ತುಂಬಿತ್ತು. ಕೌಜಲಗಿಯಿಂದ ಗೋಕಾಕದವರೆಗೆ ನಿಂತೇ ಬಂದೆ. ಕೋಚಿಂಗ್ ಕ್ಲಾಸಿನಲ್ಲಿ ಪ್ರೊಜೆಕ್ಟೈಲ್ ಮೋಷನ್. ಆರು ವರ್ಷದಿಂದ ಅದೇ ಚೆಂಡು, ಅದೇ ಕೋನ, ಬೀಳುವುದೂ ಅಲ್ಲೇ. ಹಿಂದಿನ ಬೆಂಚಿನವಳು ಎದ್ದು ಕೇಳಿದಳು, "ಮಿಸ್, ನೀವು ಖರೇನ ವಿಮಾನ ಹಾರಸ್ತಿದ್ರೇನ್ರಿ?"

"ಹೌದವಾ, ಖರೇನ."

"ಮತ್ತ ಇಲ್ಲಿಗ್ಯಾಕ ಬಂದ್ರಿ?"

ಚಾಕ್‌ಪೀಸ್ ಎಸೆದೆ. ಗುರಿ ತಪ್ಪಿತು, ಪುಣ್ಯ.

ಮಧ್ಯಾಹ್ನ ಕ್ಯಾಪ್ಟನ್ ಶೀತಲ್ ಸರ್ ಫೋನ್. ನಾನು ಕೋ-ಪೈಲಟ್ ಆಗಿದ್ದಾಗ ಎಡಗಡೆ ಸೀಟಿನಲ್ಲಿ ಕೂತು ಬೈದು ಬೈದು ಕೆಲಸ ಕಲಿಸಿದವರು. ಈಗ ರಿಟೈರ್ ಆಗಿ ಹುಕ್ಕೇರಿಯಲ್ಲಿ ಕಬ್ಬು ಬೆಳೆಯುತ್ತಾರೆ.

"ಕಸ್ತೂರಿ, ಎಲ್ಲಾ ಕಂಪನ್ಯಾಗೂ ಪೈಲಟ್ ಕಮ್ಮಿ ಬಿದ್ದಾರ. ವಾರಕ್ಕ ನಲವತ್ತೆಂಟ ತಾಸ ರೆಸ್ಟ್ ಕೊಡಬೇಕಂತ ರೂಲ್ ಬಂದೈತಲ್ಲ, ಮದಲಿನ ಮಂದಿ ಸಾಲವಲ್ಲರು. ನಮ್ಮಂಥಾ ಪಂಖಾದ ವಿಮಾನ ಹಾರಿಸಿದವ್ರನ್ನ ಹುಡಕಾಕತ್ತಾರ. ಒಂದ ಕಂಪನ್ಯಾಗ ಅರ್ಜಿ ಹಾಕಾಕ ಇಪ್ಪತ್ತನೇ ತಾರೀಖ ಕಡೇದು. ಮೂವತ್ತಾರ ತುಂಬಿರಬಾರದು."

ನನಗೆ ಮೂವತ್ತಾರು ತುಂಬುವುದು ಮಾರ್ಚ್ ಹತ್ತಕ್ಕೆ. ಅಂದರೆ ಇದೇ ಕೊನೆಯ ಬಾಗಿಲು. "ನೋಡ್ತೇನ್ರಿ ಸರ್" ಅಂದೆ, ಏನೋ ಸೀರೆ ಅಂಗಡಿಯಲ್ಲಿ ನಿಂತವಳ ಹಾಗೆ.

ಜನವರಿ 8, ಬೆಳಿಗ್ಗೆ 5:30

ಟ್ರಂಕಿನ ತಳದಿಂದ ಲಾಗ್‌ಬುಕ್ ತೆಗೆದೆ. ಮೇಲೆ ಮೂರು ಕಂಬಳಿ, ಅವ್ವನ ಎರಡು ಇರಕಲ್ ಸೀರೆ. ಒಟ್ಟು 1,412 ತಾಸು. ಒಂದೊಂದು ಸಾಲಿನ ಮುಂದೆಯೂ ಕೂತುಬಿಟ್ಟೆ. ಬೆಂಗಳೂರು–ಬೆಳಗಾವಿ, ಬೆಳಗಾವಿ–ಹೈದರಾಬಾದ್…

ಆ ಬೆಳಗುಗಳು! ಇಂಜಿನ್ ಶುರುವಾಗುವಾಗಿನ ಆ ಸಣ್ಣ ನಡುಕ, ಕಾಗದದ ಕಪ್ಪಿನ ಕೆಟ್ಟ ಕಾಫಿ, ಸರ್ ಹಾಕಿಕೊಳ್ಳುತ್ತಿದ್ದ ಅಮೃತಾಂಜನದ ವಾಸನೆ. ಹೈದರಾಬಾದಿನಿಂದ ಬರುವಾಗ ಒಂದು ದಿನ ಮೋಡ ಸರಿದು ಕೆಳಗೆ ಘಟಪ್ರಭಾ ಕಂಡಿತ್ತು. ಧುಪದಾಳದ ಒಡ್ಡಿನ ಮೇಲೆ ನೀರು ಬೆಳ್ಳಗೆ ಒಂದು ಗೆರೆ. "ಸರ್, ನಮ್ಮ ಹೊಳಿ!" ಅಂತ ಚೀರಿದ್ದೆ. "ಹೊಳಿ ಆಮ್ಯಾಲ ನೋಡು, ಮೊದಲ ಸ್ಪೀಡ್ ನೋಡು" ಅಂದಿದ್ದರು.

ಅಪ್ಪ ಎರಡು ವರ್ಷ ತಲೆಯ ಮೇಲೆ ಹೋದ ಪ್ರತಿ ವಿಮಾನಕ್ಕೂ ಕಂಬಳಿ ಬೀಸಿದ. ನನಗೆ ರಜೆ ಇದ್ದು ಮನೆಯಲ್ಲಿ ಮಲಗಿದ್ದ ದಿನವೂ.

ಅಳು ಬಂತು. ಬಂದರೆ ಬರಲಿ, ಯಾರು ನೋಡುತ್ತಾರೆ.

ಜನವರಿ 13

ಫಾರ್ಮ್ ತುಂಬಿ ಕಳಿಸಿದೆ. ಲೈಸೆನ್ಸ್, ಮೆಡಿಕಲ್ ಎರಡೂ ಚಾಲ್ತಿಯಲ್ಲಿವೆ. ಆರು ವರ್ಷ ಒಂದೂ ಮೆಡಿಕಲ್ ತಪ್ಪಿಸಿಲ್ಲ. ಊರವರು ಹುಚ್ಚಿ ಅಂದರು, ಅನ್ನಲಿ. ಒಂದೇ ತೊಡಕು: ನನ್ನ ಹಳೆಯ ಕಂಪನಿ ಮುಚ್ಚಿಹೋಗಿದೆ, ನನ್ನ ತಾಸುಗಳಿಗೆ ಸಾಕ್ಷಿ ಹೇಳುವ ಆಫೀಸೇ ಇಲ್ಲ. ಸರ್ ಬರೆದುಕೊಡುತ್ತಾರಂತೆ. ಎರಡನೇ ಫೋನ್ ನಂಬರ್ ಅಂತ ಅಪ್ಪನದು ಕೊಟ್ಟೆ. ಕ್ಲಾಸಿನಲ್ಲಿದ್ದಾಗ ನನ್ನದು ಬಂದ್ ಇರುತ್ತದಲ್ಲ.

ಅಪ್ಪ ಭೀಮಶಿ ಕಾಕಾನ ಜೋಡಿ ಕುರಿ ಹೊಡೆದುಕೊಂಡು ಮೂಡಲಗಿ ಕಡೆ ಹೋಗಿದ್ದಾನೆ. ಸುಗ್ಗಿ ಮುಗಿದ ಹೊಲಗಳಲ್ಲಿ ರೈತರು ಗೊಬ್ಬರಕ್ಕೆ ಕುರಿ ಹಟ್ಟಿ ಹಾಕಿಸಿಕೊಳ್ಳುತ್ತಾರೆ. ಫೋನಿನಲ್ಲಿ ಎಲ್ಲ ಹೇಳಿದೆ.

"ಅಂದ್ರ ಇಷ್ಟ ದಿನಾ ದಣದವ್ರ ಕೈಯಾಗ ವಿಮಾನ ಕೊಟ್ಟಿದ್ರೇನು? ನಾವು ಕುರಿ ಸೈತ ಕೊಡೂದಿಲ್ಲಲೇ! ಒಬ್ಬಾವ ಕಣ್ಣ ಮುಚ್ಚಿದ್ರ ಇನ್ನೊಬ್ಬಾವ ಎದ್ದಿರಬೇಕು."

ನಿಯಮ ಮಾಡುವವರಿಗೆ ಎಷ್ಟು ಮೀಟಿಂಗ್ ಬೇಕಾದವೋ ಇದು ತಿಳಿಯಲು.

ಜನವರಿ 18, ಭಾನುವಾರ, ಸಂಜೆ

ಹುಕ್ಕೇರಿಗೆ ಹೋಗಿ ಬಂದೆ. ಸರ್ ತೆಳ್ಳಗಾಗಿದ್ದಾರೆ, ಮೀಸೆ ಮಾತ್ರ ಹಾಗೇ. ಪತ್ರ ಮೊದಲೇ ಟೈಪ್ ಮಾಡಿಸಿಟ್ಟಿದ್ದರು. ಸಹಿ ಮಾಡಿ ಪೆನ್ನು ಮುಚ್ಚಿದವರೇ, "ಇನ್ನೂ ನೆನಪೈತೇನು, ಇಲ್ಲಾ ಬರೇ ಚೆಂಡ ಒಗದಿಯೋ?" ಅಂದರು.

ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಬಾಜೂಬಾಜೂ ಹಾಕಿದರು. ಎಡಕ್ಕೆ ಅವರು, ಬಲಕ್ಕೆ ನಾನು. ಚೆಕ್‌ಲಿಸ್ಟ್ ಶುರು. ಅವರು ಕೇಳುವುದು, ನಾನು ಕೈಯಿಟ್ಟು ತೋರಿಸಿ ಹೇಳುವುದು. ಎದುರಿಗೆ ಕಾಕ್‌ಪಿಟ್ ಪ್ಯಾನೆಲ್ ಅಲ್ಲ, ತುಳಸಿಕಟ್ಟೆ. ಲ್ಯಾಂಡಿಂಗ್ ತನಕ ಹೋದೆವು. ಒಂದೇ ಒಂದು ತಪ್ಪಿದೆ, ಅದಕ್ಕೆ ಹಳೆಯ ಕಾಲದ ಬೈಗುಳವೇ ಸಿಕ್ಕಿತು. ಎಂಥ ಖುಷಿ ಆ ಬೈಗುಳ ಕೇಳಿ! ಚಹಾ ತಂದ ಕಾಕು, ಸರ್ ಮನೆಯವರು, ಬಾಗಿಲಲ್ಲೇ ನಿಂತು ನಕ್ಕರು. "ದಿನಾ ಒಬ್ಬರ ಕುಂತ ಮಾಡ್ತಾರವಾ, ಇವತ್ತ ಜೋಡಿ ಸಿಕ್ತು."

ಸರ್ ನಗಲಿಲ್ಲ. ಕಬ್ಬಿನ ಕಡೆ ನೋಡಿದರು. ನಾನೂ ಅತ್ತ ಕಡೆಯೇ ನೋಡಿದೆ.

ಫೆಬ್ರುವರಿ 3, ಮಂಗಳವಾರ

ಪಟ್ಟಿ ಬಂದಿದೆ. ನನ್ನ ಹೆಸರಿಲ್ಲ.

ಇಪ್ಪತ್ತಾರು ಹೆಸರು. ಮೂರು ಸಲ ಓದಿದೆ. ನನಗಿಂತ ಕಡಿಮೆ ತಾಸಿನವರೂ ಇದ್ದಾರೆ.

ಸಂಜೆ 6:00

ಸರ್ ಯಾರನ್ನೋ ಹಿಡಿದು ವಿಚಾರಿಸಿದರು. ವೆರಿಫಿಕೇಶನ್ ಏಜೆನ್ಸಿಯವರು ನನಗೆ ಎರಡು ಸಲ ಫೋನ್ ಹಚ್ಚಿದ್ದಾರೆ, ಕ್ಲಾಸಿನಲ್ಲಿದ್ದೆ. ಆಮೇಲೆ ಅಪ್ಪನಿಗೆ. ಫೈಲಿನಲ್ಲಿ ಬರೆದಿದ್ದಾರಂತೆ: 'ಅಭ್ಯರ್ಥಿ ಹಾರಿಸಿದ್ದು ಸುಮಾರು ನಾಲ್ಕು ತಾಸು ಎಂದು ತಂದೆಯ ಹೇಳಿಕೆ. ಹಳೆಯ ಕಂಪನಿಯ ದಾಖಲೆ ಲಭ್ಯವಿಲ್ಲ. ಸಂಶಯಾಸ್ಪದ.'

ನಾಲ್ಕು ತಾಸು.

ಅಪ್ಪಾ!

ಫೆಬ್ರುವರಿ 4

ರಜೆ ಹಾಕಿ ಮೂಡಲಗಿಗೆ ಹೋದೆ. ಊರ ಹೊರಗೆ ಅರಿಶಿನ ಕಿತ್ತ ಹೊಲದಲ್ಲಿ ಹಟ್ಟಿ. ಬೈಯಲೆಂದೇ ಹೋದವಳು, ದಾರಿಯುದ್ದಕ್ಕೂ ಶಬ್ದ ಜೋಡಿಸಿಕೊಂಡಿದ್ದೆ. ಭೀಮಶಿ ಕಾಕಾ ನನ್ನ ಮುಖ ನೋಡಿ ಕುರಿ ತಿರುಗಿಸುವ ನೆಪದಲ್ಲಿ ಜಾಗ ಖಾಲಿ ಮಾಡಿದ.

"ಎಷ್ಟ ತಾಸ ಅಂತ ಕೇಳಿದ್ರ ನಾಕ ಅಂದ್ಯಾ?"

ಅಪ್ಪ ತಪ್ಪಿಸಿಕೊಳ್ಳಲಿಲ್ಲ. "ಅಂದ್ನಿ. ಬೆಂಗಳೂರ ಕಡೇ ಹುಡಗಿ. ಗುರ್ತಿಲ್ಲ, ಪರ್ತಿಲ್ಲ. ಎಷ್ಟ ತಾಸ ಹಾರ್ಸ್ಯಾರ್ರಿ ಅಂದ್ಲು. ಬಾಳೇನಿಲ್ರಿ, ಒಂದ ನಾಕ ತಾಸ ಅಂದ್ನಿ."

ಗೊತ್ತಾಗಿ ಹೋಯಿತು. ಹಟ್ಟಿಯ ಹತ್ತಿರ ಯಾವನೇ ಬಂದು ಎಷ್ಟು ಕುರಿ ಅಂದರೂ ನಮ್ಮವರು ಹೇಳುವುದು ಒಂದೇ: ನಾಲ್ಕು ಕುರಿ. ಹಿಂದೆ ಮುನ್ನೂರು ನಿಂತಿರುತ್ತವೆ, ಕೇಳಿದವನಿಗೂ ಕಾಣುತ್ತಿರುತ್ತವೆ. ಖರೆ ಲೆಕ್ಕ ಬಾಯಿ ಬಿಟ್ಟರೆ ದೃಷ್ಟಿ. ಚಿಕ್ಕವಳಿದ್ದಾಗ ಒಮ್ಮೆ ನಾನು ಜಾಣೆಯ ಹಾಗೆ "ಎರಡನೂರಾ ಎಂಬತ್ತು" ಅಂದು ಏಟು ತಿಂದಿದ್ದೆ.

"ಇದು ಕುರಿ ಅಲ್ಲಪಾ! ನನ್ನ ನೌಕರಿ! ಅವರೇನ ದೃಷ್ಟಿ ಹಚ್ಚಾಕ ಫೋನ್ ಮಾಡಿದ್ರೇನು?"

"ಹತ್ತೈತಲ್ಲ ಮದಲ ಒಮ್ಮೆ."

ಅವನ ದನಿ ಬೇರೆಯಾಗಿತ್ತು. ಕೋಲು ನೆಲಕ್ಕೆ ಊರಿ ಕೂತ.

"ನೀ ನೌಕರಿ ಹಿಡದಾಗ ಕೌಜಲಗಿ ತುಂಬ ಹೇಳ್ಕೊಂತ ತಿರಿಗ್ನಿ. ನನ್ನ ಮಗಳು ಸಾವಿರ ತಾಸ ಹಾರ್ಸ್ಯಾಳ, ಹನ್ನೊಂದನೂರಾತು, ಹದಿಮೂರನೂರಾತು… ಚಾದಂಗಡ್ಯಾಗ, ಗಿರಣ್ಯಾಗ, ಎಲ್ಲೆಲ್ಲೂ. ಹದಿನಾಕನೂರ ಅಂತ ಹೇಳಿದ ವಾರದಾಗ ಕಂಪನಿ ಮುಚ್ಚಿತು. ನನ್ನ ಬಾಯಿಂದ ಆತು ಅದು. ಅವತ್ತ ಆಣಿ ಮಾಡೇನಿ, ನಿನ್ನ ಲೆಕ್ಕಾ ಯಾರ ಮುಂದೂ ಆಡಬಾರದಂತ."

ಆರು ವರ್ಷ ಈ ಮನುಷ್ಯ ಇದನ್ನು ಹೊತ್ತು ತಿರುಗಿದ್ದಾನೆ. ನಾನು ಕಂಪನಿ ಬೈದೆ, ಸರಕಾರ ಬೈದೆ, ನನ್ನ ಹಣೆಬರಹ ಬೈದೆ. ಅವನು ತನ್ನ ನಾಲಿಗೆಯನ್ನೇ ಬೈದುಕೊಂಡು ಸುಮ್ಮನಿದ್ದ. ಜೋಡಿಸಿಕೊಂಡು ಹೋದ ಶಬ್ದವೆಲ್ಲ ಎಲ್ಲಿ ಹೋದವೋ.

"ವಿಮಾನಕ್ಕ ಎಣ್ಣಿ ಹಾಕಾಕ ರೊಕ್ಕಿರಲಿಲ್ಲಪಾ ಅವರ ಕಡೆ. ನಿನ್ನ ಬಾಯಿಗೆ ಅಷ್ಟ ತಾಕತ್ತಿಲ್ಲ" ಅಂದೆ.

ನಂಬಲಿಲ್ಲ. ರೊಟ್ಟಿ, ಬೆಳ್ಳುಳ್ಳಿ ಖಾರ, ಕುರಿ ಹಾಲಿನ ಚಹಾ ಕೊಟ್ಟ. ತಿಂದೆ. ಎಂಟನೇ ವಯಸ್ಸಿನಲ್ಲಿ ಬೇಸಿಗೆ ರಜೆಗೆ ಹಟ್ಟಿಯಲ್ಲಿ ಇದೇ ಊಟ ಮಾಡಿ, ಕಂಬಳಿಯ ಮೇಲೆ ಅಂಗಾತ ಮಲಗಿ ಹಾರುವ ಹದ್ದು ನೋಡುತ್ತಿದ್ದೆ. ಅಪ್ಪನ ತೊಡೆಯೇ ತಲೆದಿಂಬು. ಆ ದಿನಕ್ಕೆ ಹೊರಳಿ ಹೋಗುವ ಹಾಗಿದ್ದರೆ ಯಾವ ವಿಮಾನವೂ ಬೇಡವಾಗಿತ್ತು, ಅನಿಸಿತು. ಅದು ಸುಳ್ಳು. ವಿಮಾನ ಬೇಕು.

ಫೆಬ್ರುವರಿ 6

ಕಂಪನಿಗೆ ಮೇಲ್ ಬರೆದೆ. ಲಾಗ್‌ಬುಕ್ಕಿನ ಎಲ್ಲ ಪುಟ ಸ್ಕ್ಯಾನ್ ಮಾಡಿ ಹಾಕಿದೆ, ಸರ್ ಪತ್ರವನ್ನೂ. ಕುರಿ, ದೃಷ್ಟಿ, ನಾಲ್ಕು… ಇದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನನಗೇ ನಗು ಬಂತು. ಒಂದೇ ಸಾಲಿನ ಉತ್ತರ: ಏಜೆನ್ಸಿ ಸೋಮವಾರ ಹನ್ನೊಂದಕ್ಕೆ ತಂದೆಗೆ ಮತ್ತೆ ಫೋನ್ ಮಾಡುತ್ತದೆ.

ಅಪ್ಪನಿಗೆ ತಿಳಿಸಿದೆ.

"ಆಣಿ ಮುರಿಬೇಕಾತು."

"ಮುರೀಬೇಕಪಾ."

"ಆಮ್ಯಾಲ ನಿನಗೇನರ ಆದ್ರ?"

ಹೇಳು ಅಂತ ಒತ್ತಾಯ ಮಾಡಲು ಆಗಲಿಲ್ಲ. ಬೇಡ ಅನ್ನಲೂ ಆಗಲಿಲ್ಲ.

ಫೆಬ್ರುವರಿ 9, ಸೋಮವಾರ, ಮಧ್ಯಾಹ್ನ 12:15, ಮೂಡಲಗಿ

ಹನ್ನೊಂದೂ ಐದಕ್ಕೆ ಬಂತು. ಸ್ಪೀಕರ್ ಹಾಕಿಸಿದೆ. ಅಪ್ಪ ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡು, ಎದ್ದು ನಿಂತು ಮಾತಾಡಿದ. ಆ ಹುಡುಗಿ ಕೇಳಿದಳು, ನಿಮ್ಮ ಮಗಳು ಒಟ್ಟು ಎಷ್ಟು ಗಂಟೆ ಹಾರಿಸಿದ್ದಾರೆ?

ಒಂದು ಉಸಿರು ಎಳೆದುಕೊಂಡ.

"ಸಾವಿರದ ನಾಕನೂರಾ ಹನ್ನೆರಡ ತಾಸ್ರಿ. ಮದಲ ಹೇಳಿದ್ದ ಸುಳ್ಳ. ತಪ್ಪ ನಂದು, ಮಗಳದಲ್ಲ."

ಆಕೆ ಟೈಪ್ ಮಾಡುವುದು ಕೇಳಿಸಿತು. ಸರಿ, ವಿಮಾನ ಹಾರಿಸುವುದು ಬಿಟ್ಟು ಎಷ್ಟು ಕಾಲವಾಯಿತು, ಗೊತ್ತಿದೆಯೇ?

ನಾನು ಬಾಯಿ ತೆಗೆದೆ, ಕೈ ಅಡ್ಡ ಹಿಡಿದ.

"ಎರಡ ಸಾವಿರದ ನಾಕನೂರಾ ಒಂದ ದಿನಾ ಆತ್ರಿ, ಇವತ್ತಿಗೆ."

ಕರಾರುವಾಕ್ಕಾಗಿ ಹೇಗೆ ಹೇಳುತ್ತೀರಿ ಅಂದಳು.

"ದಿನಾ ಹೊತ್ತ ಮುಣಗೂದಕ ಕುರಿ ಎಣಸ್ತೇವ್ರಿ, ಬಾಯಿ ಬಿಡದ. ಕುರಿ ಮುಗದ ಮ್ಯಾಲ ಆಕೀದೂ ಒಂದ ಎಣಸ್ತೇನಿ."

"ಥ್ಯಾಂಕ್ಸ್ ಅಪ್ಪಾಜಿ" ಅಂದಳು. ಹಿಂದಿನ ಪ್ರಶ್ನೆಗಳಲ್ಲಿ ಬರೀ 'ಸರ್' ಇತ್ತು.

ಬೇವಿನ ಗಿಡದ ಹಿಂದೆ ಹೋಗಿ ಅತ್ತೆ. ಅವನು ಕುರಿಗಳ ಕಡೆ ಮುಖ ಮಾಡಿ ನಿಂತಿದ್ದ. ಬೆನ್ನು ನೋಡಿದರೆ ಅವನ ಸ್ಥಿತಿಯೂ ಅಷ್ಟೇ.

ಫೆಬ್ರುವರಿ 17, ಬೆಳಿಗ್ಗೆ 7:10

ಮೇಲ್ ಬಂದಿದೆ.

ಪಟ್ಟಿಗೆ ಒಂದು ಹೆಸರು ಸೇರಿಸಿದ್ದಾರೆ. ಇಪ್ಪತ್ತೇಳನೆಯದು. ಮಾರ್ಚ್ ಎರಡಕ್ಕೆ ಹೈದರಾಬಾದಿನಲ್ಲಿ ಸಿಮ್ಯುಲೇಟರ್ ಪರೀಕ್ಷೆ. ಪಾಸಾಗಬೇಕು, ಇನ್ನೂ ಏನೂ ಆಗಿಲ್ಲ, ಗೊತ್ತು. ಆದರೂ ಕೈಯ ಬೆರಳುಗಳು ಆಗಲೇ ಕೆಲಸಕ್ಕೆ ನಿಂತಿವೆ. ಬಸ್ಸಿನ ಕಂಬಿಯನ್ನೂ ನಾಜೂಕಾಗಿ ಹಿಡಿದಿದ್ದೇನೆ.

ಅವ್ವನಿಗೆ ಏನೂ ಹೇಳದೆ ಮೂಡಲಗಿ ಬಸ್ಸು ಹತ್ತಿದೆ. ಅಪ್ಪನಿಗೆ ಮೊದಲು. ಫೋನಿನಲ್ಲಿ ಅಲ್ಲ, ಎದುರಿಗೆ. ಆದರೆ ಬಾಗಿಲಲ್ಲಿ ಅವ್ವ ನನ್ನ ಮುಖ ನೋಡಿದ ರೀತಿ… ನಮ್ಮವ್ವ ಯಲ್ಲಕ್ಕನಿಂದ ಏನನ್ನಾದರೂ ಮುಚ್ಚಿಟ್ಟವರುಂಟೇ. ಅಪ್ಪನಿಗೆ ಫೋನ್ ಹಚ್ಚಿಯೇ ಇರುತ್ತಾಳೆ.

7:55

ಮೂಡಲಗಿ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದೆ. ಅಲ್ಲಿ ಪಟಗ ಸುತ್ತಿದವನೊಬ್ಬ ಒಂದೊಂದೇ ಕಿಟಕಿ ನೋಡುತ್ತ ಬಸ್ಸಿನ ಜೊತೆಗೇ ಓಡುತ್ತಿದ್ದಾನೆ.

ಅಪ್ಪ. ನನ್ನ ಹುಟ್ಟಿನ ದಿನವೂ, ಅಜ್ಜಿ ತೀರಿದ ದಿನವೂ ಹಟ್ಟಿ ಬಿಟ್ಟು ಕದಲದವನು. ಕುರಿ ಬಿಟ್ಟು ಬಂದಿದ್ದಾನೆ. ನನ್ನಪ್ಪ ಕುರಿ ಬಿಟ್ಟು…